ದೇವದೂತರು, ಏಣಿಗಳು, ಮೆಟ್ಟಿಲುಗಳು: ಧಾರ್ಮಿಕ ಚಿತ್ರ ಓದುವ ಸಮಗ್ರ ಮಾರ್ಗದರ್ಶಿ

"ಏಣಿ ಎಂದರೆ ಭೂಮಿಗೂ ಸ್ವರ್ಗಕ್ಕೂ ಇರುವ ಕೊಂಡಿ. ದೇವದೂತ ಎಂದರೆ ದೇವರ ಸಂದೇಶ ತರುವವನು." ದಾವಣಗೆರೆಯಲ್ಲಿ ಚಿತ್ರಕಲೆ ಕಲಿಯುವ ಹುಡುಗರಿರಲಿ, ಹಳ್ಳಿ ಶಾಲೆಯ ಡ್ರಾಯಿಂಗ್ ಮೇಷ್ಟ್ರಿರಲಿ, ಚಿತ್ರ ವಿವರಣೆ ಬರೆದು ತಂದು ತೋರಿಸಿದಾಗ ಬಹುತೇಕ ಹಾಳೆಗಳು ಈ ಎರಡು ವಾಕ್ಯಕ್ಕೇ ನಿಂತಿರುತ್ತವೆ. ಮಾತು ತಪ್ಪಲ್ಲ. ಆದರೆ ಏಣಿ ಇರುವ ಯಾವ ಚಿತ್ರದ ಕೆಳಗೆ ಅಂಟಿಸಿದರೂ ಸಲ್ಲುವ ವಾಕ್ಯ ಯಾವ ಚಿತ್ರದ ಬಗ್ಗೆಯೂ ಏನನ್ನೂ ಹೇಳುವುದಿಲ್ಲ.

ಎಡವುವುದು ಜ್ಞಾನ ಕಡಿಮೆಯಾಗಿ ಅಲ್ಲ, ಕ್ರಮ ತಪ್ಪಿ. ಅರ್ಥವನ್ನು ಮೊದಲು ಬರೆದು ಚಿತ್ರವನ್ನು ಆಮೇಲೆ ನೋಡುತ್ತಾರೆ. ಇಲ್ಲಿ ಆ ಕ್ರಮವನ್ನು ತಿರುಗಿಸಿದ್ದೇನೆ. ಯಾರು ಮೇಲೆ ಹೋಗುತ್ತಿದ್ದಾರೆ, ಯಾರು ಕೆಳಗೆ ಬರುತ್ತಿದ್ದಾರೆ ಎಂಬುದನ್ನು ಗೆರೆಯಲ್ಲಿ ಗುರುತು ಮಾಡದೆ ಸಂಕೇತದ ಬಗ್ಗೆ ಒಂದಕ್ಷರವನ್ನೂ ಬರೆಯಬೇಡಿ. ಉಳಿದದ್ದೆಲ್ಲ ಈ ಒಂದು ನಿಯಮದ ವಿಸ್ತರಣೆ.

ಏನೇನು ಬೇಕು

ಚಿತ್ರದ ಎ4 ಅಳತೆಯ ಪ್ರಿಂಟ್, ಅದೇ ಅಳತೆಯ ಬಟರ್ ಪೇಪರ್, 2ಬಿ ಪೆನ್ಸಿಲ್, ಒಂದು ಕೆಂಪು ಪೆನ್ನು, ಒಂದು ನೀಲಿ ಪೆನ್ನು, ಭೂತಗನ್ನಡಿ. ಮೊಬೈಲಿನಲ್ಲಿ ಚಿತ್ರ ಹಿಗ್ಗಿಸಿ ನೋಡಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಹಿಗ್ಗಿಸಿದಾಗ ಒಂದು ಮೂಲೆ ಕಾಣುತ್ತದೆ, ಇಡೀ ಏಣಿ ಕಣ್ತಪ್ಪುತ್ತದೆ. ಕಾಗದವೇ ಬೇಕು.

ಜೊತೆಗೆ ಒಂದು ಕನ್ನಡ ಬೈಬಲ್. ಸಾಧ್ಯವಾದರೆ ಕಥೋಲಿಕರು ಬಳಸುವ ಆವೃತ್ತಿಯೇ ಇರಲಿ. ಕಾರಣ ಹಂತ 5ರಲ್ಲಿದೆ.

ಹಂತ 1: ಶೀರ್ಷಿಕೆ ಮುಚ್ಚಿ, ಗೆರೆ ಎತ್ತಿ

ಪ್ರಿಂಟಿನ ಕೆಳಗಿರುವ ಹೆಸರು, ವರ್ಷ, ಕಲಾವಿದನ ವಿವರದ ಮೇಲೆ ಕಾಗದದ ಪಟ್ಟಿ ಅಂಟಿಸಿ. "ಯಾಕೋಬನ ಕನಸು" (ಬೈಬಲಿನ ಯಾಕೋಬ ಕನಸಿನಲ್ಲಿ ಏಣಿ ಕಂಡ ಕಥೆ) ಎಂದು ಓದಿಬಿಟ್ಟರೆ ಕಣ್ಣು ಅಲ್ಲಿಗೇ ಮುಚ್ಚಿದಂತೆ. ಆಮೇಲೆ ನೀವು ಕಾಣುವುದು ನಿಮಗೆ ಗೊತ್ತಿರುವ ಕಥೆಯನ್ನು ಮಾತ್ರ.

ಬಟರ್ ಪೇಪರ್ ಹೊದಿಸಿ ನಾಲ್ಕೇ ನಾಲ್ಕು ವಸ್ತುಗಳ ಹೊರಗೆರೆ ಎತ್ತಿ: ಏಣಿ ಅಥವಾ ಮೆಟ್ಟಿಲು, ಅದರ ಬುಡದಲ್ಲಿರುವುದು, ತುದಿಯಲ್ಲಿರುವುದು, ನಡುವೆ ಇರುವವರು. ಮುಖಭಾವ, ಬಟ್ಟೆಯ ಮಡಿಕೆ, ಮರಗಿಡ ಯಾವುದೂ ಬೇಡ. ಶೇಡಿಂಗ್ ಶುರು ಮಾಡಿದಿರೆಂದರೆ ದಾರಿ ತಪ್ಪಿದಿರೆಂದೇ ಲೆಕ್ಕ. ಇದು ಚಿತ್ರ ಬರೆಯುವ ಕೆಲಸವಲ್ಲ, ಪಂಚನಾಮೆ.

ಹಂತ 2: ಏಣಿಯೋ, ಮೆಟ್ಟಿಲೋ, ಬರೀ ಬೆಳಕೋ

ಬುಡ ಎಲ್ಲಿ ಊರಿದೆ, ತುದಿ ಎಲ್ಲಿ ಮುಗಿದಿದೆ ಎಂದು ಮೊದಲು ನೋಡಿ. ಬುಡ ಮಲಗಿದವನ ತಲೆಯ ಪಕ್ಕದಲ್ಲಿದ್ದರೆ ಒಂದು ದಾರಿ, ಶಿಲುಬೆಗೆ ಒರಗಿದ್ದರೆ ಇನ್ನೊಂದೇ ದಾರಿ.

ಅತಿ ಹೆಚ್ಚು ಜನ ಮುಗ್ಗರಿಸುವುದು ಈ ಎರಡನೆಯದರಲ್ಲಿ. ಶಿಲುಬೆಗೆ ಆನಿಸಿದ ಏಣಿ ಸ್ವರ್ಗದ ಏಣಿಯಲ್ಲ. ಅದು ಯೇಸುವಿನ ದೇಹವನ್ನು ಕೆಳಗಿಳಿಸಲು ಬಳಸಿದ ಮರದ ಏಣಿ. ಮೊಳೆ, ಸುತ್ತಿಗೆ, ಈಟಿ, ಮುಳ್ಳಿನ ಕಿರೀಟಗಳ ಸಾಲಿಗೆ ಸೇರುವ ಪಾಡಿನ, ಅಂದರೆ ಯೇಸುವಿನ ಯಾತನೆಯ, ಉಪಕರಣ. ದೇವದೂತರು ಅದನ್ನು ಕೈಯಲ್ಲಿ ಹಿಡಿದು ನಿಂತಿರುವ ಚಿತ್ರಗಳೂ ಉಂಟು. ಅಲ್ಲಿ ದೂತ ಏಣಿ ಏರುವವನಲ್ಲ, ಹೊತ್ತವನು. "ದೂತ, ಏಣಿ, ಆದ್ದರಿಂದ ಸ್ವರ್ಗಾರೋಹಣ" ಎಂದು ಬರೆದರೆ ಶೋಕದ ಚಿತ್ರವನ್ನು ಸಂಭ್ರಮದ ಚಿತ್ರ ಮಾಡಿದಂತಾಗುತ್ತದೆ.

ಏಣಿಯೇ ಇಲ್ಲದ ಏಣಿ ಚಿತ್ರವೂ ಇದೆ. ಸ್ಪೇನಿನ ರಿಬೆರಾ 1639ರಲ್ಲಿ ಬರೆದ ಯಾಕೋಬನ ಕನಸು ಈಗ ಮ್ಯಾಡ್ರಿಡ್‌ನ ಪ್ರಾಡೊ ಸಂಗ್ರಹಾಲಯದಲ್ಲಿದೆ. ದಣಿದ ಕುರಿಗಾಹಿಯಂತಹ ಗಂಡಸೊಬ್ಬ ನೆಲಕ್ಕೊರಗಿ ಮಲಗಿದ್ದಾನೆ. ಹಿಂದೆ ಒಂದು ಮಬ್ಬು ಬೆಳಕಿನ ಪಟ್ಟಿ. ಭೂತಗನ್ನಡಿ ಹಿಡಿದರೆ ಆ ಬೆಳಕಿನೊಳಗೆ ಹೊಗೆಯಂತೆ ತೆಳ್ಳಗಿನ ದೂತರು ಕಾಣುತ್ತಾರೆ, ಕಂಡೂ ಕಾಣದ ಹಾಗೆ. ಇಂಗ್ಲೆಂಡಿನ ವಿಲಿಯಂ ಬ್ಲೇಕ್ ಮಾಡಿದ್ದು ಇದಕ್ಕೆ ತದ್ವಿರುದ್ಧ. 1800ರ ಆಸುಪಾಸಿನ ಅವನ ಜಲವರ್ಣ ಚಿತ್ರದಲ್ಲಿ ನಕ್ಷತ್ರಗಳ ನಡುವೆ ಸುರುಳಿ ಸುರುಳಿಯಾಗಿ ಏರುವ ಅಗಲವಾದ ಮೆಟ್ಟಿಲು, ಅದರ ಮೇಲೆ ಹೆಂಗಸರು, ಮಕ್ಕಳು, ತಲೆಯ ಮೇಲೆ ಹೊರೆ ಹೊತ್ತವರು. ಒಂದೇ ಕಥೆ. ಒಬ್ಬ ಕನಸನ್ನು ಮಲಗಿದವನ ತಲೆಯೊಳಗೇ ಉಳಿಸಿದ, ಇನ್ನೊಬ್ಬ ಅದನ್ನು ಜನ ಓಡಾಡುವ ಬೀದಿ ಮಾಡಿದ. ಆಕಾರ ಗಮನಿಸದೆ ಅರ್ಥಕ್ಕೆ ಹಾರಿದವರಿಗೆ ಈ ವ್ಯತ್ಯಾಸ ಸಿಗುವುದೇ ಇಲ್ಲ.

ಪರ್ಷಿಯನ್ ಕಿರುಚಿತ್ರಗಳ ಮಿಅರಾಜ್ (ಪ್ರವಾದಿ ಮುಹಮ್ಮದರ ಸ್ವರ್ಗಯಾತ್ರೆ) ದೃಶ್ಯಗಳಲ್ಲೂ ಮೆಟ್ಟಿಲು ಸಾಮಾನ್ಯವಾಗಿ ಇರುವುದಿಲ್ಲ. ಬುರಾಖ್ ಎಂಬ ವಾಹನ, ಸುತ್ತ ದೂತರು, ಬಂಗಾರದ ಜ್ವಾಲೆ. 16ನೇ ಶತಮಾನದ ಪ್ರಸಿದ್ಧ ಪ್ರತಿಗಳಲ್ಲಿ ಪ್ರವಾದಿಯವರ ಮುಖಕ್ಕೆ ಮುಸುಕು. ಬಹಳಷ್ಟು ಮುಸ್ಲಿಮರು ಇಂಥ ಚಿತ್ರಣವನ್ನೇ ಒಪ್ಪುವುದಿಲ್ಲ. ಹಾಗಾಗಿ ತರಗತಿಯಲ್ಲಿ ನಕಲು ಎತ್ತಲು ಇವನ್ನು ಆಯ್ದುಕೊಳ್ಳಬೇಡಿ, ಓದಿ ತಿಳಿದುಕೊಂಡರೆ ಸಾಕು.

ನಮ್ಮ ಕಡೆಯವರಿಗೆ ಒಂದು ವಿಶೇಷ ಎಚ್ಚರಿಕೆ: ಪವಿತ್ರವಾದ ಮೆಟ್ಟಿಲು ಯಾವಾಗಲೂ ಮೇಲಕ್ಕೇ ಹೋಗಬೇಕೆಂದಿಲ್ಲ. ಸಂತೆಬೆನ್ನೂರಿನ ಪುಷ್ಕರಣಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಮೆಟ್ಟಿಲು ನೀರಿಗೆ ಇಳಿಯುತ್ತದೆ. ಇಳಿಯುವುದೆಂದರೆ ಪತನ ಎಂಬ ಓದು ಕಲ್ಯಾಣಿಯ ಚಿತ್ರಕ್ಕೆ ಒಗ್ಗುವುದಿಲ್ಲ.

ಹಂತ 3: ಬಾಣ ಹಾಕಿ

ಇಡೀ ಮಾರ್ಗದರ್ಶಿಯಲ್ಲಿ ಹೆಚ್ಚು ಸಮಯ ಕೊಡಬೇಕಾದದ್ದು ಇದಕ್ಕೆ. ಏರುವ ಪ್ರತಿಯೊಬ್ಬರ ಪಕ್ಕ ಕೆಂಪು ಬಾಣ, ಇಳಿಯುವವರ ಪಕ್ಕ ನೀಲಿ ಬಾಣ. ನಿಂತವರಿಗೆ ಸಣ್ಣ ಅಡ್ಡಗೆರೆ. ಬೀಳುತ್ತಿರುವವರಿಗೆ ನೀಲಿಯಲ್ಲೇ ಅಂಕುಡೊಂಕು ಗೆರೆ. ಬೀಳುವುದು ಬೇರೆ, ಇಳಿಯುವುದು ಬೇರೆ.

ದಿಕ್ಕು ಗೊತ್ತಾಗುವುದು ಹೇಗೆ? ಮುಖ ನೋಡಿ ನಿರ್ಧರಿಸಬೇಡಿ. ಚಿತ್ರದುರ್ಗದ ಕೋಟೆಯಲ್ಲಿ ಬಂಡೆಗೆ ಕೊರೆದ ಕಡಿದಾದ ಮೆಟ್ಟಿಲುಗಳಲ್ಲಿ ಜನ ಹೇಗೆ ಇಳಿಯುತ್ತಾರೆ ನೋಡಿದ್ದೀರಾ? ಬಂಡೆಗೆ ಮುಖ ಮಾಡಿ, ಬೆನ್ನು ಬಯಲಿಗೆ ಕೊಟ್ಟು. ಏರುವಾಗಲೂ ಮುಖ ಬಂಡೆಗೇ. ಕಡಿದಾದ ಏಣಿಯಲ್ಲೂ ಹಾಗೆಯೇ, ಏರುವವನೂ ಇಳಿಯುವವನೂ ಮುಖ ಮಾಡುವುದು ಏಣಿಯ ಕಡೆಗೆ. ಆದ್ದರಿಂದ ಮೂರು ಜಾಗ ಪರೀಕ್ಷಿಸಿ. ಭಾರ ಯಾವ ಕಾಲಿನ ಮೇಲಿದೆ? ಏರುವವನ ಮಡಿಚಿದ ಮೊಣಕಾಲು ಮೇಲಿನ ಮೆಟ್ಟಿಲಲ್ಲಿರುತ್ತದೆ, ಇಳಿಯುವವನ ಚಾಚಿದ ಬೆರಳು ಕೆಳಗಿನ ಮೆಟ್ಟಿಲನ್ನು ತಡಕುತ್ತಿರುತ್ತದೆ. ಕೈ ತಲೆಗಿಂತ ಮೇಲಿದೆಯೋ, ಸೊಂಟದ ಮಟ್ಟದಲ್ಲಿದೆಯೋ? ಬಟ್ಟೆಯ ಅಂಚು ಯಾವ ಕಡೆ ಹಾರುತ್ತಿದೆ? ಮೂರರಲ್ಲಿ ಎರಡು ಒಂದೇ ಉತ್ತರ ಕೊಟ್ಟರೆ ಬಾಣ ಹಾಕಿ.

ಇಳಿಯುವ ದೂತ ಏಣಿಗೆ ಬೆನ್ನು ಕೊಟ್ಟು, ನಮ್ಮ ಕಡೆ ಮುಖ ಮಾಡಿ, ಮೆಟ್ಟಿಲಿಳಿಯುವ ಹಾಗೆ ಸರಾಗ ಬರುತ್ತಿದ್ದರೆ ಅದನ್ನೂ ಪಕ್ಕದಲ್ಲಿ ಬರೆದಿಡಿ. ಆ ದೂತನಿಗೆ ಬೀಳುವ ಭಯವಿಲ್ಲ ಎಂದು ಚಿತ್ರಕಾರ ಹೇಳುತ್ತಿದ್ದಾನೆ. ಇಂಗ್ಲೆಂಡಿನ ಬಾತ್ ಪಟ್ಟಣದ ಅಬ್ಬೆ ಚರ್ಚಿನ ಪಶ್ಚಿಮದ ಮುಂಭಾಗದಲ್ಲಿ ಕಲ್ಲಿನ ಏಣಿಗಳ ಮೇಲೆ ಕೆತ್ತಿದ ದೂತರಿದ್ದಾರೆ. ಅವರಲ್ಲಿ ಇಳಿಯುವವರನ್ನು ಶಿಲ್ಪಿ ತಲೆಕೆಳಗಾಗಿಯೇ ಕೆತ್ತಿದ್ದಾನೆ. ದೂರದಿಂದ ನೋಡುವವನಿಗೂ ದಿಕ್ಕಿನ ಬಗ್ಗೆ ಅನುಮಾನ ಉಳಿಯಬಾರದು ಎಂಬ ಹಠ.

ಬಾಣ ಹಾಕಿ ಮುಗಿದ ಮೇಲೆ ಕಾಗದವನ್ನು ಒಂದು ಮಾರು ದೂರ ಇಟ್ಟು ನೋಡಿ. ಸಾಮಾನ್ಯವಾಗಿ ನಾಲ್ಕು ಬಗೆಗಳಲ್ಲಿ ಒಂದು ಕಾಣುತ್ತದೆ.

ಕೆಂಪೂ ನೀಲಿಯೂ ಬೆರೆತಿದ್ದರೆ, ಬುಡದಲ್ಲಿ ಒಬ್ಬ ಮಲಗಿದ್ದರೆ, ಅದು ಯಾಕೋಬ. ಆದಿಕಾಂಡದ 28ನೇ ಅಧ್ಯಾಯ: ಬೇರ್ಷೆಬದಿಂದ ಹೊರಟವನು ಕತ್ತಲಾದಾಗ ಒಂದು ಕಲ್ಲನ್ನು ತಲೆದಿಂಬು ಮಾಡಿಕೊಂಡು ಮಲಗುತ್ತಾನೆ, ಕನಸಿನಲ್ಲಿ ಏಣಿ, ಅದರ ಮೇಲೆ ದೂತರು ಏರುತ್ತಾ ಇಳಿಯುತ್ತಾ ಇರುತ್ತಾರೆ. ಗಮನಿಸಿ, ಏರುವುದು ಮೊದಲು, ಇಳಿಯುವುದು ಆಮೇಲೆ. ದೂತರು ಮೇಲಿನವರಾದರೆ ಮೊದಲು ಇಳಿಯಬೇಕಿತ್ತಲ್ಲ? 11ನೇ ಶತಮಾನದ ಯೆಹೂದಿ ವ್ಯಾಖ್ಯಾನಕಾರ ರಾಶಿ ಇದಕ್ಕೆ ಉತ್ತರ ಕೊಡುತ್ತಾನೆ: ಯಾಕೋಬನನ್ನು ಸ್ವದೇಶದಲ್ಲಿ ಕಾಯುತ್ತಿದ್ದ ದೂತರು ಗಡಿ ದಾಟಲಾರದೆ ಮೇಲೆ ಹೋದರು, ಪರದೇಶದಲ್ಲಿ ಕಾಯುವ ದೂತರು ಇಳಿದು ಬಂದರು. ಕಾವಲಿನ ಪಾಳಿ ಬದಲಾವಣೆ. ಈ ಓದಿನಲ್ಲಿ ಏಣಿ ಮನುಷ್ಯ ಸ್ವರ್ಗಕ್ಕೆ ಹೋಗುವ ದಾರಿಯೇ ಅಲ್ಲ. ಯಾಕೋಬ ಒಂದು ಮೆಟ್ಟಿಲನ್ನೂ ಹತ್ತುವುದಿಲ್ಲ, ಮಲಗಿದಲ್ಲೇ ಇರುತ್ತಾನೆ.

ಕೆಂಪು ಬಾಣಗಳ ಸಾಲು, ನಡುನಡುವೆ ಅಂಕುಡೊಂಕು ಬೀಳುವ ಗೆರೆಗಳಿದ್ದರೆ, ಅದು ಸಾಧನೆಯ ಏಣಿ. ಸೈನಾಯ್ ಬೆಟ್ಟದ ಸೇಂಟ್ ಕ್ಯಾಥರೀನ್ ಮಠದಲ್ಲಿರುವ 12ನೇ ಶತಮಾನದ ಕೊನೆಯ ಚಿತ್ರಫಲಕ ಇದರ ಮಾದರಿ. ಬಂಗಾರದ ಹಿನ್ನೆಲೆ, ಎಡ ಬುಡದಿಂದ ಬಲ ತುದಿಗೆ ಓರೆಯಾಗಿ ಏಣಿ, ಏರುವವರೆಲ್ಲ ಸನ್ಯಾಸಿಗಳು. ಕಪ್ಪು ನೆರಳಿನಂಥ ಪುಟ್ಟ ಪಿಶಾಚಿಗಳು ಹಗ್ಗ ಹಾಕಿ ಎಳೆಯುತ್ತವೆ, ಬಾಣ ಬಿಡುತ್ತವೆ. ದೂತರು ಎಲ್ಲಿ? ಎಡ ಮೇಲ್ಮೂಲೆಯಲ್ಲಿ ಗುಂಪಾಗಿ ನಿಂತು ನೋಡುತ್ತಿದ್ದಾರೆ. ಒಬ್ಬ ದೂತನೂ ಏಣಿಯ ಮೇಲೆ ಕಾಲಿಟ್ಟಿಲ್ಲ, ಬೀಳುವವನನ್ನು ಹಿಡಿಯಲು ಕೈ ಚಾಚಿಲ್ಲ. ಯಾಕೋಬನ ಚಿತ್ರದಲ್ಲಿ ದೂತರು ಓಡಾಡುತ್ತಾರೆ, ಮನುಷ್ಯ ಮಲಗಿರುತ್ತಾನೆ. ಇಲ್ಲಿ ಮನುಷ್ಯ ಏದುಸಿರು ಬಿಡುತ್ತಾನೆ, ದೂತರು ನಿಂತಿರುತ್ತಾರೆ. ಎರಡನ್ನೂ "ಸ್ವರ್ಗದ ಏಣಿ" ಎಂಬ ಒಂದೇ ಚೀಟಿಯಲ್ಲಿ ಸುತ್ತಿಡುವುದು ನನಗೆ ಸರಿಕಾಣುವುದಿಲ್ಲ.

ಇದೇ ಬಗೆಯ ಇನ್ನೊಂದು ಪಟ ನಮ್ಮ ಮನೆಗಳಲ್ಲೇ ಇತ್ತು: ವೈಕುಂಠ ಏಕಾದಶಿಯ ಜಾಗರಣೆಗೆ ಹರಡುತ್ತಿದ್ದ ಪರಮಪದ ಸೋಪಾನ ಪಟ. ಏಣಿಯ ಬುಡದ ಮನೆಯಲ್ಲಿ ಪುಣ್ಯದ ಹೆಸರು, ಹಾವಿನ ಬಾಯಿಯ ಮನೆಯಲ್ಲಿ ಪಾಪದ ಹೆಸರು, ತುದಿಯಲ್ಲಿ ವೈಕುಂಠ. ದೂತರಿಲ್ಲ. ಏರುವುದೂ ಜಾರುವುದೂ ಆಟಗಾರನ ಪಾಲಿಗೆ.

ಬರೀ ನೀಲಿ ಬಾಣ, ಅಕ್ಕಪಕ್ಕ ಮೂರು ಏಣಿಗಳಿದ್ದರೆ, ಅದು ಸಂಕಾಶ್ಯ. ಬುದ್ಧ ತ್ರಯಸ್ತ್ರಿಂಶ ಸ್ವರ್ಗಕ್ಕೆ ಹೋಗಿ ತಾಯಿಗೆ ಧರ್ಮ ಬೋಧಿಸಿ ಭೂಮಿಗೆ ಇಳಿದು ಬಂದ ಪ್ರಸಂಗ. ನಡುವಿನ ಏಣಿ ಬುದ್ಧನದು, ಅತ್ತಿತ್ತ ಬ್ರಹ್ಮ ಮತ್ತು ಇಂದ್ರ. ಮಧ್ಯಪ್ರದೇಶದ ಭಾರ್ಹುತ ಸ್ತೂಪದಲ್ಲಿದ್ದ ಇದರ ಶಿಲ್ಪ ಈಗ ಕೋಲ್ಕತ್ತದ ಇಂಡಿಯನ್ ಮ್ಯೂಸಿಯಂನಲ್ಲಿದೆ. ಅದರಲ್ಲಿ ಬುದ್ಧನ ಆಕೃತಿಯೇ ಇಲ್ಲ. ಏಣಿಯ ತುದಿಯ ಮೆಟ್ಟಿಲಲ್ಲಿ ಒಂದು ಪಾದದ ಗುರುತು, ಬುಡದ ಮೆಟ್ಟಿಲಲ್ಲಿ ಇನ್ನೊಂದು. ಅಷ್ಟೇ. ಇಳಿದು ಬಂದದ್ದು ಆ ಎರಡು ಪಾದಗಳ ನಡುವಿನ ಖಾಲಿ ಮೆಟ್ಟಿಲುಗಳಲ್ಲಿ ಕಾಣುತ್ತದೆ. ಬಟರ್ ಪೇಪರ್ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಚಿತ್ರ ನನಗೆ ಗೊತ್ತಿಲ್ಲ, ಏಕೆಂದರೆ ಬಾಣ ಹಾಕಲು ದೇಹವೇ ಇಲ್ಲ. ಪಾದ ನೋಡಿಯೇ ಹಾಕಬೇಕು.

ಬರೀ ಕೆಂಪು ಬಾಣ, ಏಣಿಯೇ ಇಲ್ಲ, ಒಬ್ಬನನ್ನು ಇಬ್ಬರು ಎತ್ತಿಕೊಂಡು ಹೋಗುತ್ತಿದ್ದಾರೆ: ಇದು ನಾಲ್ಕನೆಯ ಬಗೆ. ಇದಕ್ಕೆ ಮ್ಯೂಸಿಯಂ ಬೇಡ, ಊರ ಹೊರಗಿನ ಕಲ್ಲು ಸಾಕು. ಹಂತ 7ಕ್ಕೆ ಇಟ್ಟುಕೊಂಡಿದ್ದೇನೆ.

ಹಂತ 4: ಮೆಟ್ಟಿಲು ಎಣಿಸಿ, ಆದರೆ ಎಲ್ಲ ಎಣಿಕೆಯನ್ನೂ ನಂಬಬೇಡಿ

ಸಂಖ್ಯೆ ಮಾತಾಡುವ ಚಿತ್ರಗಳು ಕೆಲವಿವೆ. ಸೈನಾಯ್ ಫಲಕದಲ್ಲಿ 30 ಮೆಟ್ಟಿಲು. 7ನೇ ಶತಮಾನದ ಸನ್ಯಾಸಿ ಯೋಹಾನ ಕ್ಲೈಮಾಕಸ್ ಬರೆದ ಸಾಧನಾಗ್ರಂಥದ ಅಧ್ಯಾಯಗಳೂ 30. ಬಾಲೆ ಮರಿಯಳು ಜೆರುಸಲೇಮಿನ ದೇವಾಲಯದ ಮೆಟ್ಟಿಲೇರುವ ಚಿತ್ರಗಳಲ್ಲಿ ಸಾಂಪ್ರದಾಯಿಕ ಸಂಖ್ಯೆ 15. ಕೀರ್ತನೆಗಳ ಗ್ರಂಥದ 120ರಿಂದ 134ರವರೆಗಿನ ಯಾತ್ರಾಗೀತೆಗಳೂ ಅಷ್ಟೇ. ಅಯ್ಯಪ್ಪನ ಕ್ಯಾಲೆಂಡರಿನಲ್ಲಿ 18 ಮೆಟ್ಟಿಲು ಕಡಿಮೆಯಾದರೆ ಮಾಲೆ ಹಾಕಿದವರು ಅಂಗಡಿಯವನನ್ನೇ ಕೇಳುತ್ತಾರೆ.

ಆದರೆ ಯಾಕೋಬನ ಏಣಿಗೆ ಬೈಬಲ್ ಮೆಟ್ಟಿಲಿನ ಲೆಕ್ಕ ಕೊಟ್ಟಿಲ್ಲ. ಚಿತ್ರದಲ್ಲಿ 12 ಕಂಡರೆ ತಕ್ಷಣ ಹನ್ನೆರಡು ಕುಲ, 7 ಕಂಡರೆ ಏಳು ಲೋಕ ಎಂದು ಬರೆಯಲು ಕೈ ತುರಿಸುತ್ತದೆ. ತಡೆಯಿರಿ. ಏಣಿ ಚೌಕಟ್ಟಿನ ಅಂಚಿನಲ್ಲಿ ಅಥವಾ ಮೋಡದಲ್ಲಿ ತುಂಡಾಗಿದ್ದರೆ ಎಣಿಕೆಗೆ ಬೆಲೆಯೇ ಇಲ್ಲ. ಜೈನರ ಸಮವಸರಣ (ತೀರ್ಥಂಕರರು ಉಪದೇಶ ಕೊಡುವ ದಿವ್ಯ ಸಭೆ) ಚಿತ್ರಗಳನ್ನೇ ತೆಗೆದುಕೊಳ್ಳಿ: ದಿಗಂಬರ ಗ್ರಂಥಗಳ ಲೆಕ್ಕದಲ್ಲಿ ಒಂದೊಂದು ದಿಕ್ಕಿಗೂ 20,000 ಮೆಟ್ಟಿಲು. ಯಾವ ಚಿತ್ರಕಾರ ಅಷ್ಟು ಗೆರೆ ಎಳೆಯುತ್ತಾನೆ? ನಾಲ್ಕಾರು ಪಟ್ಟಿ ಬರೆದು ಮುಂದೆ ಹೋಗುತ್ತಾನೆ. ಆ ನಾಲ್ಕಾರಕ್ಕೆ ಅರ್ಥ ಹಚ್ಚಿದರೆ ತಪ್ಪು ನಿಮ್ಮದು.

ಸಂಖ್ಯೆ ಗ್ರಂಥದಲ್ಲೂ ಇದ್ದು ಚಿತ್ರದಲ್ಲೂ ಪೂರ್ತಿ ಕಂಡರೆ ಬರೆಯಿರಿ. ಇಲ್ಲವಾದರೆ ಬಿಡಿ.

ಹಂತ 5: ರೆಕ್ಕೆ ನೋಡಿ ಮೋಸ ಹೋಗಬೇಡಿ

ರೆಕ್ಕೆ ಇದ್ದರೆ ದೇವದೂತ, ಇಲ್ಲದಿದ್ದರೆ ಮನುಷ್ಯ ಎಂಬ ಸೂತ್ರ ಎರಡೂ ಕಡೆ ಕೈಕೊಡುತ್ತದೆ. ಆದಿಕಾಂಡದ ಏಣಿಯ ದೂತರಿಗೆ ರೆಕ್ಕೆಯ ಮಾತೇ ಇಲ್ಲ. ರೋಮಿನ ವಿಯಾ ಲತೀನಾ ಎಂಬ ನೆಲದಡಿಯ ಸಮಾಧಿ ಸುರಂಗದ 4ನೇ ಶತಮಾನದ ಗೋಡೆಚಿತ್ರದಲ್ಲಿ ಏಣಿಯ ಮೇಲಿರುವ ಇಬ್ಬರೂ ರೆಕ್ಕೆಯಿಲ್ಲದ ಗಂಡಸರು. ಕ್ರೈಸ್ತ ಕಲೆಯಲ್ಲಿ ದೂತರಿಗೆ ರೆಕ್ಕೆ ಮೂಡಿ ರೂಢಿಯಾದದ್ದು ಆ ಶತಮಾನದ ಕೊನೆಯಿಂದ ಈಚೆಗೆ. ಅದರಿಂದ ಒಂದು ತಮಾಷೆಯ ತೊಡಕೂ ಹುಟ್ಟಿತು: ರೆಕ್ಕೆ ಇದ್ದವರಿಗೆ ಏಣಿ ಏಕೆ? ಚಿತ್ರಕಾರರು ಇದನ್ನು ಹೇಗೆ ನಿಭಾಯಿಸಿದರು ಎಂದು ನೋಡುವುದೇ ಒಂದು ಪಾಠ. ಕೆಲವರು ರೆಕ್ಕೆ ಮಡಚಿ ಕಾಲಲ್ಲಿ ನಡೆಸಿದರು. ಕೆಲವರು ಒಂದಿಬ್ಬರನ್ನು ಏಣಿಯ ಪಕ್ಕದಲ್ಲಿ ಹಾರಿಬಿಟ್ಟರು. ರೆಕ್ಕೆ ಮಡಚಿದೆಯೋ ಬಿಚ್ಚಿದೆಯೋ ಎಂದು ಬಾಣದ ಪಕ್ಕದಲ್ಲೇ ಗುರುತು ಮಾಡಿ.

ಹೆಸರು ಹಚ್ಚಲು ರೆಕ್ಕೆಗಿಂತ ಕೈಯಲ್ಲಿರುವ ವಸ್ತು ನಂಬಿಕಸ್ಥ. ಲಿಲ್ಲಿ ಹೂ ಹಿಡಿದು ಮರಿಯಳ ಮುಂದಿದ್ದರೆ ಗಬ್ರಿಯೇಲ. ಕತ್ತಿ ಅಥವಾ ತಕ್ಕಡಿ ಇದ್ದರೆ ಮಿಕಾಯೇಲ. ಮೀನು ಹಿಡಿದ ಹುಡುಗನ ಜೊತೆ ನಡೆಯುತ್ತಿದ್ದರೆ ರಫಾಯೇಲ. ಅವನ ಕಥೆ ತೋಬಿತನ ಗ್ರಂಥದಲ್ಲಿದೆ, ಅದು ಪ್ರೊಟೆಸ್ಟೆಂಟರ ಸತ್ಯವೇದದಲ್ಲಿ ಸಿಗುವುದಿಲ್ಲ, ಕಥೋಲಿಕ ಬೈಬಲಿನಲ್ಲಿ ಸಿಗುತ್ತದೆ. ಆರು ರೆಕ್ಕೆ ಇದ್ದರೆ ಸೆರಾಫಿಯರು, ಯೆಶಾಯನ 6ನೇ ಅಧ್ಯಾಯ. ಗುಂಡುಗುಂಡಾಗಿ ಬೆತ್ತಲೆ ಇರುವ ಪುಟ್ಟ ರೆಕ್ಕೆಯ ಮಕ್ಕಳು ಕೆರೂಬಿಯರಲ್ಲ. ಯೆಹೆಜ್ಕೇಲನು ಕಂಡ ಕೆರೂಬಿಗೆ ನಾಲ್ಕು ಮುಖ, ಕಂಡರೆ ಎದೆ ನಡುಗಬೇಕು. ಆ ಮಕ್ಕಳು ರೋಮನ್ ಅಲಂಕಾರ ಶಿಲ್ಪದಿಂದ ಬಂದವರು.

ಹರಿಹರದ ಆರೋಗ್ಯಮಾತೆಯ ಬೆಸಿಲಿಕಾ ಹಬ್ಬಕ್ಕೆ ಸೆಪ್ಟೆಂಬರಿನಲ್ಲಿ ಹೋಗುವವರು ಮಾತೆಯ ತಲೆಗೆ ಕಿರೀಟ ಹಿಡಿದ ದೂತರ ಅಚ್ಚುಚಿತ್ರಗಳನ್ನು ಕೊಂಡು ತರುತ್ತಾರೆ. ಏಣಿ ಇಲ್ಲವಲ್ಲ ಎನ್ನಬೇಡಿ. ಪೂರ್ವದ ಕ್ರೈಸ್ತರ ಹಳೆಯ ಸ್ತುತಿಯೊಂದರಲ್ಲಿ ಮರಿಯಳನ್ನೇ ದೇವರು ಇಳಿದು ಬಂದ ಏಣಿ ಎಂದು ಕರೆದಿದ್ದಾರೆ. ಬಾಣ ಹಾಕಿದರೆ ಅಲ್ಲಿ ಕಿರೀಟದ ದೂತರೂ ಇಳಿಯುತ್ತಿರುವವರೇ.

ಇನ್ನು ನಮ್ಮ ಗುಡಿಗಳ ಗಂಧರ್ವ, ವಿದ್ಯಾಧರರು. ಚಾಲುಕ್ಯ, ಹೊಯ್ಸಳ ಶಿಲ್ಪದಲ್ಲಿ ಮೂರ್ತಿಯ ತಲೆಯ ಅಕ್ಕಪಕ್ಕ ಹಾರ ಹಿಡಿದು ಹಾರುವ ಇವರಿಗೆ ಸಾಮಾನ್ಯವಾಗಿ ರೆಕ್ಕೆಯಿಲ್ಲ. ಹಾರಾಟ ಗೊತ್ತಾಗುವುದು ಹಿಂದಕ್ಕೆ ಮಡಿಸಿದ ಕಾಲಿನಿಂದ, ಗಾಳಿಗೆ ತೇಲುವ ಉತ್ತರೀಯದಿಂದ. ರೆಕ್ಕೆಯಿದ್ದರೆ ಗರುಡನೋ ಎಂದು ಮೊದಲು ನೋಡಿ. ಇವರನ್ನು "ಹಿಂದೂ ದೇವದೂತರು" ಎಂದು ಬರೆಯುವ ಚಾಳಿ ಬಿಡಿ. ಇವರು ಯಾರ ಸಂದೇಶವನ್ನೂ ತರುವುದಿಲ್ಲ, ದೇವರನ್ನು ಕೊಂಡಾಡುತ್ತಾರೆ.

ಹಂತ 6: ಈಗ ಗ್ರಂಥ ತೆರೆಯಿರಿ

ಶೀರ್ಷಿಕೆಯ ಮೇಲಿನ ಪಟ್ಟಿ ತೆಗೆಯುವುದು ಈಗ. ನಿಮ್ಮ ಬಾಣಗಳು ಯಾವ ಕಥೆಗೆ ಹೊಂದುತ್ತವೆ ಎಂದು ಊಹಿಸಿ, ಮೂಲವನ್ನು ಓದಿ, ಚಿತ್ರದಲ್ಲಿ ಹೆಚ್ಚಿರುವುದನ್ನೂ ಬಿಟ್ಟಿರುವುದನ್ನೂ ಎರಡು ಕಾಲಂ ಮಾಡಿ ಬರೆಯಿರಿ. ಚಿತ್ರಕಾರನ ಮಾತು ಸಿಗುವುದು ಗ್ರಂಥಕ್ಕೂ ಚಿತ್ರಕ್ಕೂ ಇರುವ ಈ ಬಿರುಕಿನಲ್ಲಿ.

ಗ್ರಂಥದಲ್ಲೇ ಏಣಿ ಮಾಯವಾಗುವುದೂ ಉಂಟು. ಯೋಹಾನನ ಸುವಾರ್ತೆ 1:51ರಲ್ಲಿ ದೂತರು ಏರುತ್ತಾ ಇಳಿಯುತ್ತಾ ಇರುವುದು ಮನುಷ್ಯಕುಮಾರನ ಮೇಲೆ; ಅಲ್ಲಿ ಏಣಿಯ ಜಾಗದಲ್ಲಿ ಕ್ರಿಸ್ತನೇ ಇದ್ದಾನೆ. ಕುರ್‌ಆನಿನ 70ನೇ ಅಧ್ಯಾಯದಲ್ಲಿ ದೂತರು ಏರಿಹೋಗುವ ಒಂದು ದಿನದ ಅಳತೆ 50,000 ವರ್ಷ. ನಮ್ಮ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯಲ್ಲಿ ಅಶೋಕ ಬರೆಸಿದ ಮಾತು ಇನ್ನೂ ನೇರ: ದೇವತೆಗಳೊಡನೆ ಬೆರೆಯದಿದ್ದ ಮನುಷ್ಯರು ಈಗ ಬೆರೆತಿದ್ದಾರೆ, ಪ್ರಯತ್ನಪಟ್ಟರೆ ಸಣ್ಣವನಿಗೂ ಸ್ವರ್ಗ ದಕ್ಕುತ್ತದೆ. ಏಣಿಯೂ ಇಲ್ಲ, ದೂತನೂ ಇಲ್ಲ. ಪ್ರಯತ್ನವೊಂದೇ.

ಅಪಾಯದ ಸೂಚನೆ: ಎರಡು ಧರ್ಮಗಳ ಚಿತ್ರ ಒಂದೇ ಥರ ಕಂಡ ಕೂಡಲೇ "ಇದು ಅಲ್ಲಿಂದ ಬಂದದ್ದು" ಎಂದು ಬರೆಯಲು ಹೊರಟರೆ ಪೆನ್ನು ಕೆಳಗಿಡಿ. ಯಾಕೋಬ ಎದ್ದ ಮೇಲೆ ತಲೆದಿಂಬಿನ ಕಲ್ಲನ್ನು ನಿಲ್ಲಿಸಿ ಎಣ್ಣೆ ಹೊಯ್ಯುತ್ತಾನೆ. ಅದನ್ನು ಓದಿ ಲಿಂಗಾಭಿಷೇಕಕ್ಕೆ ಗಂಟು ಹಾಕಿದ ಬರಹಗಳು ಆಗಾಗ ಕೈಗೆ ಬರುತ್ತವೆ. ಹೋಲಿಕೆ ಸಾಕ್ಷಿಯಲ್ಲ.

ಹಂತ 7: ಊರ ಹೊರಗಿನ ವೀರಗಲ್ಲಿಗೆ ಇದೇ ಕ್ರಮ

ಪ್ರಿಂಟಿನ ಮೇಲೆ ಕೈ ಪಳಗಿದ ಮೇಲೆ ಕಲ್ಲಿಗೆ ಬನ್ನಿ. ದಾವಣಗೆರೆ, ಚಿತ್ರದುರ್ಗ ಸೀಮೆಯಲ್ಲಿ ಊರಬಾಗಿಲು, ಕೆರೆ ಏರಿ, ಗುಡಿಯ ಅಂಗಳಗಳಲ್ಲಿ ವೀರಗಲ್ಲು ಸಿಗುವುದು ಕಷ್ಟವಲ್ಲ.

ಬೆಳಿಗ್ಗೆ ಏಳೂವರೆಯೊಳಗೆ ಅಥವಾ ಸಂಜೆ ಐದರ ಮೇಲೆ ಹೋಗಿ. ಓರೆ ಬಿಸಿಲಿನಲ್ಲಿ ಸವೆದ ಕೆತ್ತನೆಯೂ ಎದ್ದು ಕಾಣುತ್ತದೆ. ನಡು ಮಧ್ಯಾಹ್ನ ತೆಗೆದ ಫೋಟೋದಲ್ಲಿ ಕಲ್ಲು ಬರೀ ಕಲ್ಲು. ಅಕ್ಷರ ಕಾಣಲೆಂದು ಸೀಮೆಸುಣ್ಣ, ಎಣ್ಣೆ, ಅರಿಶಿನ ಬಳಿಯಬೇಡಿ. ಬಟರ್ ಪೇಪರನ್ನು ಕಲ್ಲಿಗೆ ಒತ್ತಿ ಉಜ್ಜಲೂ ಬೇಡಿ. ಫೋಟೋ ಪ್ರಿಂಟಿನ ಮೇಲೆ ಗೆರೆ ಎತ್ತಿ. ಪೂಜೆಗೊಳ್ಳುವ ಕಲ್ಲಾದರೆ ಊರವರನ್ನು ಕೇಳಿಯೇ ಮುಂದುವರಿಯಿರಿ.

ಓದುವುದು ಕೆಳಗಿನಿಂದ ಮೇಲಕ್ಕೆ. ಇದನ್ನು ಮೇಲಿನಿಂದ ಓದುವವರೇ ಹೆಚ್ಚು, ಪುಸ್ತಕದ ಅಭ್ಯಾಸ. ಕೆಳಗಿನ ಪಟ್ಟಿಯಲ್ಲಿ ಕಾಳಗ: ದನ ಹೊಡೆದುಕೊಂಡು ಹೋಗುವವರ ಜೊತೆಗೋ, ಹುಲಿಯ ಜೊತೆಗೋ, ಶತ್ರುಸೈನ್ಯದ ಜೊತೆಗೋ. ನಡುವಿನ ಪಟ್ಟಿಯಲ್ಲಿ ವೀರ, ಎರಡೂ ಬದಿಗೆ ಅಪ್ಸರೆಯರು. ಮೇಲಿನ ಪಟ್ಟಿಯಲ್ಲಿ ಲಿಂಗದ ಮುಂದೆ ಕುಳಿತ ಅದೇ ವೀರ, ಪೂಜಾರಿ, ನಂದಿ, ತುದಿಯಲ್ಲಿ ಸೂರ್ಯಚಂದ್ರ. ವೀರ ಜೈನನಾಗಿದ್ದರೆ ಲಿಂಗದ ಜಾಗದಲ್ಲಿ ಜಿನಬಿಂಬ. ಪಟ್ಟಿ ಮೂರೇ ಇರಬೇಕೆಂದಿಲ್ಲ. ಎರಡೂ ಇರುತ್ತವೆ, ನಾಲ್ಕೈದೂ ಇರುತ್ತವೆ.

ನಡುವಿನ ಪಟ್ಟಿಗೆ ಭೂತಗನ್ನಡಿ ಹಿಡಿಯಿರಿ. ಅಪ್ಸರೆಯರ ಕಾಲು ನೆಲ ಮುಟ್ಟುವುದಿಲ್ಲ, ಮೊಣಕಾಲು ಹಿಂದಕ್ಕೆ ಮಡಿದಿರುತ್ತದೆ. ಕೆಲವು ಕಲ್ಲುಗಳಲ್ಲಿ ವೀರನ ಎರಡೂ ತೋಳು ಅವರ ಹೆಗಲ ಮೇಲೆ, ಕೆಲವು ಕಡೆ ಅವನು ವಿಮಾನದಲ್ಲಿ ಕುಳಿತಿದ್ದಾನೆ, ಅವರು ಚಾಮರ ಬೀಸುತ್ತಿದ್ದಾರೆ. ಎರಡಕ್ಕೂ ವ್ಯತ್ಯಾಸವಿದೆ: ಒಂದರಲ್ಲಿ ಅವನನ್ನು ಎತ್ತಿ ಒಯ್ಯಬೇಕು, ಇನ್ನೊಂದರಲ್ಲಿ ಅವನು ಆಗಲೇ ದೊರೆ. ಬಾಣ ಮಾತ್ರ ಎರಡರಲ್ಲೂ ಕೆಂಪೇ. ವೀರಗಲ್ಲಿನಲ್ಲಿ ಇಳಿಯುವವರಿಲ್ಲ, ಜಾರುವವರಿಲ್ಲ. ಮೆಟ್ಟಿಲು ಬೇಕಿಲ್ಲ, ಏಕೆಂದರೆ ಹತ್ತುವ ಕೆಲಸ ಕೆಳಗಿನ ಪಟ್ಟಿಯಲ್ಲೇ, ಕತ್ತಿಯ ತುದಿಯಲ್ಲಿ ಮುಗಿದಿದೆ. ಕಲ್ಲಿನ ಪಟ್ಟಿಗಳೇ ಇಲ್ಲಿ ಏಣಿ.

ಗ್ರಂಥದ ಬದಲು ಇಲ್ಲಿ ಶಾಸನ. ಪಟ್ಟಿಗಳ ನಡುವಿನ ಸಾಲುಗಳಲ್ಲಿ ಹಲವು ಕಡೆ ಸಿಗುವ ಸಂಸ್ಕೃತ ಶ್ಲೋಕ "ಜಿತೇನ ಲಭ್ಯತೇ ಲಕ್ಷ್ಮೀ ಮೃತೇನಾಪಿ ಸುರಾಂಗನಾ". ಗೆದ್ದರೆ ಸಿರಿ, ಸತ್ತರೆ ಸುರಾಂಗನೆ. ಅಪ್ಸರೆ ಇಲ್ಲಿ ಸಂದೇಶ ತರುವವಳೂ ಅಲ್ಲ, ಕಾಯುವವಳೂ ಅಲ್ಲ. ಸಾವಿಗೆ ಸಿಕ್ಕ ಬಹುಮಾನ. ನನಗೆ ಈ ಲೆಕ್ಕಾಚಾರ ಅಷ್ಟೇನೂ ಹಿಡಿಸುವುದಿಲ್ಲ, ಆದರೆ ಕಲ್ಲು ಹೇಳುವುದನ್ನು ಮೆದು ಮಾಡಿ ಬರೆಯುವ ಹಕ್ಕು ಓದುವವನಿಗಿಲ್ಲ. ಪಕ್ಕದಲ್ಲೇ ಬಳೆ ತೊಟ್ಟ ಕೈ ಎತ್ತಿದ ಮಾಸ್ತಿಕಲ್ಲು (ಗಂಡನೊಡನೆ ಸತಿಹೋದವಳ ನೆನಪಿನ ಕಲ್ಲು) ನಿಂತಿದ್ದರೆ ಅದನ್ನು ಬೇರೆ ಹಾಳೆಯಲ್ಲಿ ಗೆರೆ ಎತ್ತಿ, ಎರಡನ್ನೂ ಜೋಡಿಸಿ ನೋಡಿ.

ಹಂತ 8: ಬರೆಯುವುದು

ಮೂರು ವಾಕ್ಯ ಸಾಕು. ಮೊದಲನೆಯದು ದಿಕ್ಕು: ಯಾರು ಏರುತ್ತಾರೆ, ಯಾರು ಇಳಿಯುತ್ತಾರೆ, ಯಾರು ಅಲುಗುವುದಿಲ್ಲ. ಎರಡನೆಯದು ಮೂಲ: ಯಾವ ಗ್ರಂಥ ಅಥವಾ ಶಾಸನ, ಚಿತ್ರ ಅದರಿಂದ ಎಲ್ಲಿ ಬೇರೆಯಾಗಿದೆ. ಮೂರನೆಯದರಲ್ಲಿ ಮಾತ್ರ ಅರ್ಥ.

ಸೈನಾಯ್ ಫಲಕಕ್ಕೆ ಹೀಗೆ ಬರೆಯಬಹುದು: "ಸನ್ಯಾಸಿಗಳು ಏರುತ್ತಾರೆ, ಕೆಲವರು ಬೀಳುತ್ತಾರೆ, ದೂತರು ಏಣಿಯಿಂದ ದೂರ ನಿಂತಿದ್ದಾರೆ. ಮೂವತ್ತು ಮೆಟ್ಟಿಲು ಕ್ಲೈಮಾಕಸ್‌ನ ಮೂವತ್ತು ಅಧ್ಯಾಯಗಳಿಗೆ ಹೊಂದುತ್ತದೆ, ಆದರೆ ಹಗ್ಗ ಎಳೆಯುವ ಪಿಶಾಚಿಗಳಿಗೆ ಚಿತ್ರಕಾರ ದೇಹ ಕೊಟ್ಟಿದ್ದಾನೆ. ಇಲ್ಲಿ ಏಣಿ ದೇವರ ಕೃಪೆ ಇಳಿಯುವ ದಾರಿಯಲ್ಲ, ಮನುಷ್ಯ ಕೊನೆಯ ಮೆಟ್ಟಿಲಿನವರೆಗೂ ಬೀಳಬಹುದಾದ ದಾರಿ."

ಬರೆದಾದ ಮೇಲೆ ಒಂದು ಪರೀಕ್ಷೆ. ನಿಮ್ಮ ಮೂರನೆಯ ವಾಕ್ಯವನ್ನು ಬೇರೊಂದು ಏಣಿಚಿತ್ರದ ಕೆಳಗಿಟ್ಟು ಓದಿ. ಅಲ್ಲೂ ಸರಿಹೊಂದಿದರೆ ಹಂತ 3ಕ್ಕೆ ವಾಪಸ್ ಹೋಗಿ. ಯಾವುದೋ ಒಂದು ಬಾಣ ಬಿಟ್ಟಿದ್ದೀರಿ, ಅಥವಾ ನಿಂತವನಿಗೆ ಕೆಂಪು ಹಾಕಿದ್ದೀರಿ. ಷಟ್‌ಸ್ಥಲವನ್ನು, ಅಂದರೆ ಶರಣರು ಹೇಳುವ ಭಕ್ತನಿಂದ ಐಕ್ಯದವರೆಗಿನ ಆರು ಸ್ಥಲಗಳನ್ನು, ಆರು ಮೆಟ್ಟಿಲು ಮಾಡಿ ಬರೆದ ಗೋಡೆ ಚಾರ್ಟುಗಳ ವಿವರಣೆಯಲ್ಲಿ ಈ ಪರೀಕ್ಷೆ ಬಹಳ ಉಪಯೋಗಕ್ಕೆ ಬರುತ್ತದೆ. ಅಲ್ಲಿ ಐಕ್ಯವನ್ನು ಮಹಡಿಯ ಮೇಲಿನ ಕೋಣೆಯ ಹಾಗೆ ತುದಿಯಲ್ಲಿ ಬರೆದಿರುತ್ತಾರೆ. ಅದು ಚಾರ್ಟು ಬರೆದವರ ಅನುಕೂಲ. ಐಕ್ಯಕ್ಕೆ ಮೇಲು ಕೆಳಗಿಲ್ಲ, ಆದ್ದರಿಂದ ಅಲ್ಲಿ ಬಾಣವನ್ನೇ ಹಾಕಬೇಡಿ. ಖಾಲಿ ಬಿಟ್ಟು ಪಕ್ಕದಲ್ಲಿ ಕಾರಣ ಬರೆಯಿರಿ.

ಬಟರ್ ಪೇಪರಿನ ಹಿಂದೆ ಚಿತ್ರದ ಹೆಸರು, ಕಲ್ಲಾದರೆ ಊರು, ತಾಲ್ಲೂಕು, ಬಿಸಿಲಿನ ಹೊತ್ತು ಬರೆದು ಪ್ರಿಂಟಿನ ಜೊತೆಗೇ ಪಿನ್ ಮಾಡಿಡಿ. ಬೇರೆ ಬೇರೆ ಫೈಲಿನಲ್ಲಿಟ್ಟರೆ ಮುಂದಿನ ವರ್ಷ ಯಾವ ಬಾಣ ಯಾವ ಚಿತ್ರದ್ದೆಂದು ನಿಮಗೇ ಗೊತ್ತಾಗುವುದಿಲ್ಲ.